ಒಂದು ನನ್ನದು, ಒಂದು ಅವಳದು

ಫೆಬ್ರವರಿ ೨೭, ಗುರುವಾರ, ಸಂಜೆ

ಹಿಮದ ಮೇಲೆ ಜಾರುವ ಸ್ಕೀಗಳ ತಳಕ್ಕೆ ಮೇಣ ಹಚ್ಚಿ ಮುಗಿಯಿತು. ಗರಾಜಿನ ತುಂಬ ಹೊಗೆ. ಮೇಣ ಕರಗಿಸುವ ಹಳೆಯ ಇಸ್ತ್ರಿಪೆಟ್ಟಿಗೆಯ ವೈರು ಈ ವರ್ಷವೂ ಹೇಗೋ ತಾಳಿಕೊಂಡಿತು. ಮೊದಲು ನನ್ನ ಗಂಡ ಆರ್ಲೋನ ಜೋಡಿ, ಆಮೇಲೆ ನನ್ನದು. ಪ್ರತಿ ವರ್ಷ ಗೆಳತಿ ಮಾರ್ಗಿಟಳದ್ದನ್ನೂ ನಾನೇ ಮಾಡುತ್ತಿದ್ದೆ. ಈ ಸಲ ಅವಳು ಕಳಿಸಲಿಲ್ಲ. ನಾನೂ ಕೇಳಲಿಲ್ಲ.

ಭಾನುವಾರ ಟ್ಯಾಮರಾಕ್ ಗುಡ್ಡಕ್ಕೆ ಹೊರಡುವುದು. ಮಾರ್ಚ್ ಮೊದಲ ವಾರ, ಅದೇ ಕ್ಯಾಬಿನ್, ಅದೇ ಎರಡು ಕುಟುಂಬ. ಮಕ್ಕಳು ಹುಟ್ಟುವ ಮೊದಲಿನಿಂದ ನಡೆದುಬಂದದ್ದು. ಮಾರ್ಗಿಟಳ ಗಂಡ ಹಾಲ್ವರ್ ತೀರಿಕೊಂಡ ವರ್ಷವೂ ತಪ್ಪಿಸಲಿಲ್ಲ ಅವಳು. ಈ ವರ್ಷ ಬರುತ್ತಾಳೋ ಇಲ್ಲವೋ ತಿಳಿಯದು.

"ಫೋನ್ ಮಾಡಿ ಕೇಳೇ," ಎಂದ ಆರ್ಲೋ.

"ಅವಳಿಗೂ ಫೋನ್ ಇದೆ."

"ಇಬ್ಬರಿಗೂ ಇದೆ. ಅದಕ್ಕೇ ಎರಡೂ ಸುಮ್ಮನಿವೆ."

ಜನವರಿಯಲ್ಲಿ ನಡೆದದ್ದನ್ನು ಇಲ್ಲಿ ಬರೆದಿರಲಿಲ್ಲ. ಆಗ ಸಿಟ್ಟು ಆರಿರಲಿಲ್ಲ. ಈಗ ಬರೆಯಬಹುದು. ಗುಡ್ಡದ ಬುಡದಲ್ಲಿ ಮಕ್ಕಳು ಹಲಗೆ, ಟ್ಯೂಬು ಹಿಡಿದು ಜಾರುವ ಬಯಲಿದೆ. ಕೌಂಟಿಯ, ಅಂದರೆ ನಮ್ಮ ಜಿಲ್ಲೆಯ ಆಸ್ತಿ. ಟಿಕೆಟ್ ಇಲ್ಲ, ಬೇಲಿ ಇಲ್ಲ. ಗುಡ್ಡವನ್ನು ಕೊಳ್ಳಲು ಬಂದ ಹೊಸ ಕಂಪನಿ ಆ ಬಯಲನ್ನೂ ಕೇಳಿತು, ಮನೆ ಕಟ್ಟಿ ಮಾರುವುದಕ್ಕೆ. ಕೌಂಟಿಯ ಆಡಳಿತ ಮಂಡಳಿಯಲ್ಲಿ ಮೂವರು. ಒಬ್ಬ ಬೇಡ ಎಂದ, ಒಬ್ಬ ಆಗಲಿ ಎಂದ. ಮೂರನೆಯವಳು ಮಾರ್ಗಿಟ್. ಆಗಲಿ ಎಂದು ಕೈ ಎತ್ತಿದಳು.

ಎತ್ತುವ ಮೊದಲು ಜನರಿಗೆ ಮಾತಾಡಲು ಅವಕಾಶವಿತ್ತು. ನಾನು ಎದ್ದು ನಿಂತೆ. ನಮಗೆ ಮೂವತ್ತು ದಾಟದಿದ್ದ ಕಾಲದಲ್ಲಿ ಮರದ ಕಂಪನಿಯೊಂದು ಇದೇ ಕಣಿವೆಯನ್ನು ಕೇಳಿತ್ತು. ಆಗ ಮಾರ್ಗಿಟ್ ಹುಲ್ಲಿನ ಟ್ರೇಲರ್ ಹತ್ತಿ, ಊರಿನವರದ್ದನ್ನು ಊರಿನವರನ್ನು ಕೇಳದೆ ಮಾರಲು ನಾವು ಯಾರು ಎಂದು ಕೂಗಿದ್ದಳು. ಅವಳು ಹಾಕಿದ್ದ ಕೋಟಿನ ಬಣ್ಣವೂ ನೆನಪಿದೆ. ಎಲ್ಲವನ್ನೂ ಸಭೆಗೆ ಹೇಳಿದೆ. "ಆ ಮಾತು ಹೇಳಿದವರು ಇವತ್ತು ಮೇಜಿನ ಆ ಕಡೆ ಕೂತಿದ್ದಾರೆ" ಎಂದೂ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಮಾರ್ಗಿಟ್ ನೀರು ಕುಡಿದಳು. ನನ್ನ ಕಡೆ ನೋಡಲಿಲ್ಲ.

ಅದಾದ ಮೇಲೆ ಮಾತಿಲ್ಲ.

ಮಾರ್ಚ್ ೨, ಭಾನುವಾರ, ಕ್ಯಾಬಿನ್

ಬಂದಿದ್ದಾಳೆ!

ನಾವು ತಲುಪುವ ಹೊತ್ತಿಗೆ ಅವಳ ಕಾರು ಹೊರಗಿತ್ತು. ಮಗಳು ಸಿಗ್ರಿಡ್, ಹೊಸ ಅಳಿಯ ಡೆವಿನ್ ಜೊತೆಗಿದ್ದಾರೆ. ಡೆವಿನ್ ಫ್ಲಾರಿಡಾದವನು. ಹೋದ ಶರತ್ಕಾಲದಲ್ಲಿ ಮದುವೆ. ಹಿಮವನ್ನು ಫ್ರಿಜ್ಜಿನಲ್ಲಿ ಬಿಟ್ಟರೆ ಬೇರೆಲ್ಲೂ ಹೆಚ್ಚು ಕಂಡವನಲ್ಲ. ನನ್ನ ಕೈಯಿಂದ ಚೀಲ ತೆಗೆದುಕೊಂಡು, "ಲೆನೋರಾ ಆಂಟಿ, ನಿಮ್ಮ ಬಗ್ಗೆ ತುಂಬಾ ಕೇಳಿದೀನಿ" ಎಂದ.

"ಒಳ್ಳೇದಾ ಕೆಟ್ಟದ್ದಾ?"

ಪಾಪ, ಯೋಚನೆ ಮಾಡಿದ. "ಉದ್ದದ್ದು," ಎಂದ.

ಮಾರ್ಗಿಟ್ ಒಲೆಯ ಮುಂದೆ ಮೆಣಸಿನಕಾಯಿ-ಬೀನ್ಸಿನ ಪಾತ್ರೆಯಲ್ಲಿ ಸೌಟು ಆಡಿಸುತ್ತಿದ್ದಳು. ತಿರುಗದೆ, "ದಾರಿ ಹೇಗಿತ್ತು?" ಎಂದಳು.

"ಚೆನ್ನಾಗಿತ್ತು."

ಅಷ್ಟೇ. ಊಟದಲ್ಲಿ ಉಪ್ಪು ದಾಟಿಸಿದಳು. ನಾನು ಬ್ರೆಡ್ ದಾಟಿಸಿದೆ. ಆರ್ಲೋ ಇಬ್ಬರಿಗೂ ಸೇರಿಸಿ ಮಾತಾಡಿ ಮಾತಾಡಿ ಗಂಟಲು ಕೆಡಿಸಿಕೊಂಡ.

ಬರುವಾಗ ಆ ಬಯಲು ನೋಡಿದೆ. ಸುತ್ತ ಕಿತ್ತಳೆ ಬಣ್ಣದ ಬೇಲಿ. ಊರ ಬಯಲಿಗೆ ಬೇಲಿ ಬೀಳುವುದು ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ಇನ್ನೂರೈವತ್ತು ವರ್ಷಗಳ ಹಿಂದೆ ಹೀಗೇ ಮಾಡಿದರು. ಬೇಲಿ ಹಾಕಿದವರು ಆಗಲೂ ಅದನ್ನು ಸುಧಾರಣೆ ಎಂದರು. ಕುರಿ ಮೇಯಿಸುತ್ತಿದ್ದವರನ್ನು ಯಾರೂ ಕೇಳಲಿಲ್ಲ. ಹಲಗೆಯ ಮೇಲೆ ಜಾರುವ ಏಳು ವರ್ಷದವರನ್ನು ಈಗಲೂ ಯಾರೂ ಕೇಳಿಲ್ಲ.

ಬೇಲಿಯ ಬದಿಯಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಹಲಗೆ ಅರ್ಧ ಹೂತು ಬಿದ್ದಿತ್ತು.

ಮಾರ್ಚ್ ೩, ಸೋಮವಾರ, ಸಂಜೆ ಐದು

ಕೆಟ್ಟ ದಿನ. ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಹಿಮ ಚೆನ್ನಾಗಿತ್ತು. ಒಣ, ಹಗುರ. ಮಾರ್ಗಿಟ್ ಸಿಗ್ರಿಡ್ ಜೊತೆ ಚೇರಿನಲ್ಲಿ ಕೂತಳು, ನಾನು ಆರ್ಲೋ ಜೊತೆ. ಕೇಬಲ್ಲಿಗೆ ನೇತುಬಿದ್ದು ಗುಡ್ಡದ ತುದಿಗೆ ಒಯ್ಯುವ, ಇಬ್ಬರು ಕೂರುವ ಚೇರ್. ಎಲ್ಲ ವರ್ಷವೂ ನಾನು, ಅವಳು ಕೂರುತ್ತಿದ್ದದ್ದು. ಅವಳ ಬೆನ್ನು ನೋಡುತ್ತ ಗುಡ್ಡ ಹತ್ತಿದೆ.

ಮಧ್ಯಾಹ್ನ ಊಟಕ್ಕೆ ಹಳೆಯ ಲಿಫ್ಟಿನ ಬುಡದ ಶೆಡ್ಡು. ಮನೆಯಿಂದ ತಂದ ಬುತ್ತಿಯನ್ನು ತಿನ್ನಲು ಬಿಡುವ ಜಾಗ ಈಗ ಅದೊಂದೇ. ಕಂಪನಿ ತನ್ನ ದೊಡ್ಡ ಕಟ್ಟಡದ ಮುಂದೆ ಬೀಗದ ಸ್ಟ್ಯಾಂಡುಗಳನ್ನು ಹಾಕಿದೆ. ಫೋನಿನಲ್ಲಿ ದುಡ್ಡು ಕಟ್ಟಿದರೆ ಸ್ಕೀ ಜೋಡಿಗೆ ಬೀಗ ಬೀಳುತ್ತದೆ. ಕಳ್ಳರಿಂದ ರಕ್ಷಣೆಯಂತೆ. ನಾವು ಇಷ್ಟು ವರ್ಷ ಬೀಗವಿಲ್ಲದೆ ಕಳ್ಳರನ್ನು ಸೋಲಿಸಿದ್ದೇವೆ. ನನ್ನದೊಂದು ಸ್ಕೀ, ಮಾರ್ಗಿಟಳದೊಂದು ಸೇರಿಸಿ ಬಾಗಿಲ ಬಳಿ ನಿಲ್ಲಿಸುವುದು. ಉಳಿದೆರಡು ಶೆಡ್ಡಿನ ಹಿಂದೆ. ಜೊತೆಯಿಲ್ಲದ ಸ್ಕೀಯನ್ನು ಯಾವ ಕಳ್ಳನೂ ಮುಟ್ಟುವುದಿಲ್ಲ.

ಇವತ್ತು ಶೆಡ್ಡಿಗೆ ಬಂದಾಗ ಅವಳ ಜೋಡಿ ಬಾಗಿಲ ಬಳಿ ನಿಂತಿತ್ತು. ಅವಳು ಆಗಲೇ ಒಳಗೆ. ನಾನು ಏನೋ ಯೋಚಿಸುತ್ತಿದ್ದೆ. ಬಹುಶಃ ಆ ಬೇಲಿಯನ್ನೇ. ಕೈ ತಾನಾಗಿಯೇ ಅವಳದೊಂದನ್ನು ಎತ್ತಿತು, ಅಲ್ಲಿ ನನ್ನದೊಂದನ್ನು ಇಟ್ಟಿತು. ಉಳಿದೆರಡನ್ನು ಹಿಂದಕ್ಕೆ ಒಯ್ದು ಹಿಮಕ್ಕೆ ಚುಚ್ಚಿದ ಮೇಲೆ ಗೊತ್ತಾಯಿತು, ನಾವು ಮಾತು ಬಿಟ್ಟವರೆಂದು. ತಿರುಗಿ ಬದಲಿಸುವುದು ಇನ್ನೂ ನಾಚಿಕೆಗೇಡು ಎನಿಸಿತು. ಬಿಟ್ಟೆ.

ಒಳಗೆ ಎಲ್ಲರೂ ಸರಿಯಾಗಿಯೇ ಇದ್ದೆವು. ಡೆವಿನ್, "ಹೊರಗಿನ ಆ ಕಿತ್ತಳೆ ಬೇಲಿ ಯಾಕೆ?" ಎಂದು ಕೇಳುವವರೆಗೆ.

"ನಿಮ್ಮ ಅತ್ತೆಯನ್ನ ಕೇಳಪ್ಪ," ಎಂದೆ.

ಮಾರ್ಗಿಟ್ ಥರ್ಮಾಸಿನ ಮುಚ್ಚಳ ತಿರುಗಿಸಿ ಇಟ್ಟಳು. "ಕೇಳು ಡೆವಿನ್. ಈ ಲಿಫ್ಟಿನ ಕೇಬಲ್ಲಿಗೆ ನಿನಗಿಂತ ವಯಸ್ಸು ಜಾಸ್ತಿ. ಎರಡು ವರ್ಷ ಹಿಮ ಸರಿಯಾಗಿ ಬೀಳಲಿಲ್ಲ. ಹಳೇ ಮಾಲೀಕ ಕೈಚೆಲ್ಲಿದ. ಬಯಲು ಸಿಗದಿದ್ರೆ ಕೊಳ್ಳಲ್ಲ ಅಂದ್ರು ಇವರು. ಕೊಳ್ಳದಿದ್ರೆ ಗುಡ್ಡಕ್ಕೆ ಬೀಗ."

"ಬೀಗ ಹಾಕಿದ್ರೆ ನಡೆದು ಹತ್ತಿ ಜಾರ್ತಿದ್ವಿ," ಎಂದೆ.

"ಈ ಮಂಡಿ ಇಟ್ಕೊಂಡಾ? ಮೊದಲ ತಿರುವಲ್ಲೇ ಕೂತು ಅರಣ್ಯ ಇಲಾಖೆಯವರ ಮೇಲೆ ಒಂದು ದೂರು ಬರೀತಿದ್ದೆ ನೀನು."

ಆರ್ಲೋ ನಕ್ಕ. ಸಿಗ್ರಿಡ್ ನಕ್ಕಳು. ನನಗೂ ನಗು ಬರುತ್ತಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಹಾಲ್ವರ್ ಇದ್ದಿದ್ರೆ ಆ ಕೈ ಎತ್ತೋಕೆ ಬಿಡ್ತಿರಲಿಲ್ಲ ನಿನ್ನ."

ಮಾರ್ಗಿಟ್ ತನ್ನ ಸ್ಯಾಂಡ್‌ವಿಚ್ಚಿನ ಉಳಿದರ್ಧವನ್ನು ಕಾಗದದಲ್ಲಿ ಸುತ್ತಿದಳು. ನಿಧಾನವಾಗಿ, ನಾಲ್ಕು ಮೂಲೆ ಮಡಚಿ. "ಡೆವಿನ್, ನನ್ನ ಸ್ಕೀ ಕಾರಿಗೆ ಹಾಕಪ್ಪ. ಮನೆಗೆ ಬಿಟ್ಟುಬಾ," ಎಂದಳು. ಬೂಟು ಟಕಟಕ ಎನಿಸುತ್ತ ಹೊರಗೆ ಹೋದಳು. ಸಿಗ್ರಿಡ್ ಹಿಂದೆಯೇ ಓಡಿ, ಸ್ವಲ್ಪ ಹೊತ್ತಿಗೆ ಒಬ್ಬಳೇ ವಾಪಸು ಬಂದಳು.

ಆಗಲೇ ಹಿಮ ದಪ್ಪಗೆ ಬೀಳುತ್ತಿತ್ತು. ಅರ್ಧ ಗಂಟೆ ಬಿಟ್ಟು ಹೊರಗೆ ಬಂದರೆ ಬಾಗಿಲ ಬಳಿ ಏನೂ ಇಲ್ಲ. ಹಿಂದೆ ಒಂದು ನನ್ನದು, ಒಂದು ಅವಳದು.

ಡೆವಿನ್ ಬಾಗಿಲ ಬಳಿಯದನ್ನು, ಹಿಮ ಮೆತ್ತಿದ್ದಂತೆಯೇ, ಚೀಲಕ್ಕೆ ಹಾಕಿ ಒಯ್ದಿದ್ದಾನೆ.

ಮಾರ್ಚ್ ೪, ಮಂಗಳವಾರ

ರಾತ್ರಿ ಡೆವಿನ್ ಸಿಗ್ರಿಡಳಿಗೆ ಫೋನ್ ಮಾಡಿದ. ಮನೆ ತಲುಪಲು ಎರಡು ಗಂಟೆಯ ದಾರಿಗೆ ನಾಲ್ಕು ಗಂಟೆ ಹಿಡಿಯಿತಂತೆ. ಕಣಿವೆಯ ರಸ್ತೆಗೆ ಹಿಮ ಜರಿದಿದೆ. ಮುಚ್ಚಿದ್ದಾರೆ. ಅವನು ಅಲ್ಲೇ, ನಾವು ಇಲ್ಲೇ.

ಫೋನ್ ನನಗೂ ಕೊಟ್ಟಳು. "ಸಾರಿ ಆಂಟಿ. ಜೊತೆಯಲ್ಲಿ ನಿಂತಿದ್ವಲ್ಲ, ಜೋಡಿ ಅಂದ್ಕೊಂಡೆ," ಎಂದ.



ಮಾರ್ಗಿಟಳ ಪಾದ ಚಿಕ್ಕದು. ಅವಳ ಸ್ಕೀಯ ಮೇಲಿನ ಹಿಡಿತ ನನ್ನ ಬೂಟನ್ನು ಕಚ್ಚುವುದಿಲ್ಲ. ಆರ್ಲೋ ಹೊರಡುವಾಗ, "ಕಂಪನಿ ಅಂಗಡೀಲಿ ಬಾಡಿಗೆಗೆ ಸಿಗುತ್ತೆ" ಎಂದ.

"ಅವರಿಗೆ ಬಯಲನ್ನ ಕೊಟ್ಟಾಯ್ತು. ನನ್ನ ಕಾಲನ್ನೂ ಕೊಡಲಾ?"

"ಹಾಗಾದ್ರೆ ಒಂಟಿ ಕಾಲಲ್ಲಿ ಬಾ. ನಾನು ಹಿಡ್ಕೋತೀನಿ."

ಹೋದ. ದಿನವಿಡೀ ಓದಿದೆ. ಕಿಟಕಿಯಿಂದ ಗುಡ್ಡ ಕಾಣುತ್ತದೆ. ಎರಡು ಒಂಟಿ ಸ್ಕೀಗಳು ಬಾಗಿಲ ಪಕ್ಕ ಒರಗಿ ನಿಂತಿವೆ. ನನ್ನದು ಹಸಿರು, ಅವಳದು ನೀಲಿ. ಅವಳದಕ್ಕೆ ಮೇಣವೇ ಇಲ್ಲ. ತಳ ಒಣಗಿ ಬೆಳ್ಳಗಾಗಿದೆ. ಹೀಗೆ ಹೇಗೆ ಜಾರಿದಳೋ.

ಮಾರ್ಚ್ ೭, ಶುಕ್ರವಾರ

ಎರಡು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಬುಧವಾರ ಬ್ರೆಡ್ ಮಾಡಿದೆ. ಗುರುವಾರ ಆ ಬಯಲಿನ ತನಕ ನಡೆದುಬಂದೆ. ಬೇಲಿಯ ಕೆಳಗೆ ಒಂದು ಕಡೆ ಹಿಮ ತೋಡಿ ದಾರಿಯಾಗಿತ್ತು, ಮಗುವೊಂದು ನುಸುಳುವಷ್ಟು. ಇಳಿಜಾರಿನಲ್ಲಿ ಹಲಗೆಯ ಗುರುತು. ಖುಷಿಯಾಯಿತು. ಮಾರ್ಗಿಟಳಿಗೆ ಹೇಳಬೇಕು ಎಂದುಕೊಂಡು ಅರ್ಧ ದಾರಿ ಬಂದಿದ್ದೆ.

ಹಾಲ್ವರ್ ಬಗ್ಗೆ ನಾನು ಆಡಿದ್ದು ನಿಜವಾದ ಮಾತು. ಇವತ್ತೂ ನಿಜವೆಂದೇ ಅನಿಸುತ್ತದೆ. ಆದರೆ ಅವನು ಅವಳ ಗಂಡ. ಅವನನ್ನು ಎಬ್ಬಿಸಿ ನನ್ನ ಪಕ್ಷದಲ್ಲಿ ಕೂರಿಸುವುದಕ್ಕೆ ನಾನು ಯಾರು.

ಸಂಜೆ ರಸ್ತೆ ತೆರೆಯಿತು. ಸಿಗ್ರಿಡ್ ಫೋನ್ ಇಟ್ಟು, ನನ್ನ ಮುಖ ನೋಡದೆ ಹೇಳಿದಳು: "ಬೆಳಿಗ್ಗೆ ಡೆವಿನ್ ಬಂದು ನಿಮ್ಮ ಸ್ಕೀ ಕೊಟ್ಟು, ಅಮ್ಮನದು ತಗೊಂಡು ಹೋಗ್ತಾನಂತೆ. ಅಮ್ಮ ಬರಲ್ವಂತೆ."

ನಾಳೆ ಕೊನೆಯ ದಿನ. ಕೊನೆಯ ಚೇರಿನಲ್ಲಿ ಹೋಗಿ ಎಲ್ಲರೂ ಒಟ್ಟಿಗೆ ಇಳಿಯುವುದು ರೂಢಿ. ಅವಳಿಲ್ಲದೆ ಒಮ್ಮೆಯೂ ಇಳಿದಿಲ್ಲ. ಈ ಸಲ ಬರದಿದ್ದರೆ ಮುಂದಿನ ಮಾರ್ಚಿಗೂ ಬರುವುದಿಲ್ಲ. ಅವಳನ್ನು ನಾನು ಬಲ್ಲೆ. ನಾನಾದರೂ ಅಷ್ಟೇ.

ಆರ್ಲೋ ಮಲಗಲು ಹೋದ. ಮೇಣದ ಡಬ್ಬಿ ತಂದಿದ್ದೇನೆ. ಇಸ್ತ್ರಿಪೆಟ್ಟಿಗೆ ಕ್ಯಾಬಿನ್ನಿನದೇ ಇದೆ. ಅವಳ ಒಂಟಿ ಸ್ಕೀಗೆ ಮೇಣ ಹಚ್ಚಿದೆ. ಹೇಗೂ ಡೆವಿನ್ ಒಯ್ಯುತ್ತಾನೆ. ಒಣಗಿದ್ದನ್ನು ಹಾಗೇ ಕಳಿಸುವುದು ಸರಿಯಲ್ಲ.

ಮಾರ್ಚ್ ೮, ಶನಿವಾರ, ಶೆಡ್ಡಿನಲ್ಲಿ, ಊಟದ ಹೊತ್ತು

ಬೇಗ ಬರೆಯಬೇಕು. ಬೆರಳು ಇನ್ನೂ ಬಿಸಿಯಾಗಿಲ್ಲ.

ಬೆಳಿಗ್ಗೆ ಎಂಟಕ್ಕೆ ಕಾರು ಬಂತು. ಓಡಿಸುತ್ತಿದ್ದವಳು ಮಾರ್ಗಿಟ್. ಪಕ್ಕದಲ್ಲಿ ಡೆವಿನ್, ಬಾಯಿ ತೆರೆದು ನಿದ್ದೆ.

ಬಾಗಿಲಲ್ಲಿ ನಿಂತು, "ಅವನ ಕೈಗೇ ಬಿಟ್ರೆ ಈ ಸಲ ಯಾರ ಸ್ಕೀ ತರ್ತಾನೋ ಅಂತ ಬಂದೆ," ಎಂದಳು. "ನನ್ನದನ್ನ ಕೊಡು."

ಕೊಟ್ಟೆ. ತಿರುಗಿಸಿ ತಳ ನೋಡಿದಳು. ಹೆಬ್ಬೆರಳಿಂದ ಒಂದು ಗೆರೆ ಎಳೆದಳು. "ಒಂದಕ್ಕೇ ಹಚ್ಚಿದ್ದೀಯಲ್ಲೇ. ಒಂದು ಕಾಲು ಮುಂದೆ ಓಡುತ್ತೆ, ಇನ್ನೊಂದು ಹಿಂದೆ ಉಳಿಯುತ್ತೆ. ನನ್ನ ಕೊಲ್ಲೋ ಯೋಚನೆನಾ?"

"ಇನ್ನೊಂದನ್ನ ಕಾರಿಂದ ತಾ ಮಾರಾಯ್ತಿ. ಇಸ್ತ್ರಿಪೆಟ್ಟಿಗೆ ಇನ್ನೂ ಇಲ್ಲೇ ಇದೆ."

ತಂದಳು. ನಾನು ಹಚ್ಚುವಾಗ ಪಕ್ಕದಲ್ಲಿ ನಿಂತು ಕಾಫಿ ಕುಡಿದಳು.

ಚೇರಿನಲ್ಲಿ ನನ್ನ ಪಕ್ಕ ಬಂದು ಕೂತಳು. ಅರ್ಧ ಗುಡ್ಡ ಏರಿದ ಮೇಲೆ ನಾನೇ ಶುರು ಮಾಡಿದೆ.

"ಹಾಲ್ವರ್ ವಿಷಯ. ಆ ಮಾತು..."

"ಹಾಲ್ವರ್ ಇದ್ದಿದ್ರೆ ಸಭೇಲಿ ನಿನ್ನ ಪಕ್ಕ ಕೂತು ನನ್ನ ಮೇಲೆ ಕೂಗ್ತಿದ್ದ," ಎಂದಳು. "ನಂಗೊತ್ತಿಲ್ವಾ? ಕೂಗಾಡಿ, ಆಮೇಲೆ ನನ್ನ ಜೊತೇನೇ ಮನೆಗೆ ಬರ್ತಿದ್ದ. ನೀನು ಬೇರೆ ಬಾಗಿಲಿಂದ ಹೊರಟುಹೋದೆ. ನಾನು ಪಾರ್ಕಿಂಗಿನಲ್ಲಿ ಕಾಯ್ತಿದ್ದೆ ಕಣೇ."

ಗೊತ್ತಿರಲಿಲ್ಲ. ನನ್ನ ಇಷ್ಟು ಉದ್ದದ ನೆನಪಿನಲ್ಲಿ ಅದೊಂದು ಇರಲೇ ಇಲ್ಲ.

ಆದರೂ, "ನೀನು ಎತ್ತಿದ ಕೈ ತಪ್ಪು," ಎಂದೆ.

"ಇರಬಹುದು. ಏಪ್ರಿಲಿನಲ್ಲಿ ರಸ್ತೆ ವಿಷಯಕ್ಕೆ ಸಭೆ ಇದೆ. ಬರ್ತೀಯಾ?"

"ಮೊದಲ ಸಾಲಲ್ಲಿರ್ತೀನಿ."

"ಸ್ವಲ್ಪ ಜೋರಾಗಿ ಮಾತಾಡು. ಹೋದ ಸಲ ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲ ಅಂದ್ರು."

ಬೇಲಿಯ ಕೆಳಗಿನ ಆ ಚಿಕ್ಕ ದಾರಿಯ ವಿಷಯ ಹೇಳಿದೆ. ಮಾರ್ಗಿಟ್ ಬಯಲಿನ ಕಡೆ ನೋಡಿದಳು. "ನಾನು ಕೇಳಿಸ್ಕೊಂಡಿಲ್ಲ," ಎಂದಳು. ಕೌಂಟಿಯವರ ಗತ್ತಿನಲ್ಲಿ.

ಈಗ ಎಲ್ಲರೂ ಒಳಗೆ ಊಟಕ್ಕೆ ಕೂತಿದ್ದಾರೆ, ಅವಳೊಬ್ಬಳು ಬಿಟ್ಟು. ನಾನು ಮೊದಲು ಬಂದೆ. ನನ್ನ ಜೋಡಿಯನ್ನು ಬಾಗಿಲ ಬಳಿ ಚುಚ್ಚಿದೆ, ಜೋಡಿಯಾಗಿಯೇ. ಒಂದನ್ನು ಹಿಂದಕ್ಕೆ ಒಯ್ಯಲು ಕೈ ಬರಲಿಲ್ಲ. ಅದು ಅವಳಿಗೆ ಬಿಟ್ಟದ್ದು. ದೊಡ್ಡ ಕಟ್ಟಡದ ಮುಂದೆ ಬೀಗದ ಸ್ಟ್ಯಾಂಡುಗಳು ಖಾಲಿ ಇವೆ. ಕಂಪನಿಯವರು ಆಡಳಿತ ಮಂಡಳಿಯವರಿಗೆ ಅದನ್ನು ಪುಕ್ಕಟೆ ಕೊಟ್ಟಿದ್ದಾರೆ ಎಂದು ಸಿಗ್ರಿಡ್ ಹೇಳಿದಳು.

ಕಿಟಕಿಯಿಂದ ಕಾಣುತ್ತಿದೆ. ಮಾರ್ಗಿಟ್ ತನ್ನ ಜೋಡಿಯನ್ನು ಹೆಗಲ ಮೇಲೆ ಹೊತ್ತು ಸ್ಟ್ಯಾಂಡಿನ ಮುಂದೆ ನಿಂತಿದ್ದಾಳೆ. ಬೀಗ ನೋಡುತ್ತಿದ್ದಾಳೆ. ಕನ್ನಡಕ ಒರೆಸಿಕೊಂಡಳು. ಅಲ್ಲಿಂದ ಬಂದಳು. ಬಾಗಿಲ ಬಳಿ ನಿಂತಳು. ಡೆವಿನ್ ಎದ್ದು ಸಹಾಯಕ್ಕೆ ಹೊರಟ. ಆರ್ಲೋ ಅವನ ತೋಳು ಹಿಡಿದು, "ಕೂತ್ಕೋ ಮಗಾ, ಏನೂ ಮುಟ್ಟಬೇಡ" ಎಂದ.

ಹಸಿರಿನದೊಂದನ್ನು ಎತ್ತಿ, ಆ ಜಾಗದಲ್ಲಿ ತನ್ನ ನೀಲಿಯದೊಂದನ್ನು ಚುಚ್ಚಿದಳು. ಒಂದು ಹಸಿರು, ಒಂದು ನೀಲಿ ಕಂಕುಳಲ್ಲಿ. ಮಂಡಿ ಮಟ್ಟದ ಹಿಮದಲ್ಲಿ ಶೆಡ್ಡಿನ ಹಿಂದಕ್ಕೆ ನಡೆಯುತ್ತಿದ್ದಾಳೆ, ಬೈದುಕೊಂಡು. ಒಳಗಿನವರೆಗೂ ಕೇಳಿಸುತ್ತಿದೆ. ನನ್ನ ಹೆಸರೂ ಇದೆ ಅದರಲ್ಲಿ. ಗೋಡೆ ಬಡಿಯುತ್ತಿದ್ದಾಳೆ, ಹೂತುಕೊಂಡಳೋ ಏನೋ, ಹೋಗಿ ಎಳೆಯಬೇಕು, ಉಳಿದದ್ದನ್ನು ಸಂಜೆ ಬರೆಯುತ್ತೇನೆ.