ಗೆರೆಯಲ್ಲೊಂದು ತಗ್ಗು

ಜುಲೈ ೧೨, ಭಾನುವಾರ

ಪ್ರೀತಿಯ ಚಿಕ್ಕಪ್ಪನಿಗೆ ನಮಸ್ಕಾರ.

ನಿಮ್ಮ ಪತ್ರ ಬಂದು ಎರಡು ತಿಂಗಳಾಯಿತು. ಉತ್ತರಕ್ಕೆಂದು ಕೂತಾಗಲೆಲ್ಲ ಮೊದಲ ಸಾಲು ಬರೆದು ಹರಿದು ಹಾಕಿದೆ, ಮನ್ನಿಸಿ. ಅಮ್ಮ ಆರಾಮ. ಅಪ್ಪನ ಮೋಟಾರ್ ರಿಪೇರಿ ಅಂಗಡಿ ನಡೆಯುತ್ತಿದೆ.

ಸಾಹಿತ್ಯ ಓದಿದವಳಿಗೆ ಎಂಜಿನಿಯರಿಂಗ್ ಕಾಲೇಜಿನಲ್ಲೇನು ಕೆಲಸ ಎಂದು ಕೇಳಿದ್ದಿರಿ. ಇಲ್ಲಿ ಬೀಗ ಹಾಕಿದ ಕೋಣೆಯೊಂದರಲ್ಲಿ ಮೇಜಿನ ಮೇಲೊಂದು ಮೋಟಾರು, ಅದರೆದುರು ಕ್ಯಾಮೆರಾ. ವಿದ್ಯಾರ್ಥಿಗಳು ಮನೆಯಲ್ಲೇ ಕೂತು, ಕಂಪ್ಯೂಟರಿನಿಂದ ಅದರ ವೇಗ ಏರಿಸಿ ಇಳಿಸಿ ಕಲಿಯುತ್ತಾರೆ; ಆ ವೇಗ ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ತಿರುಗುವುದು ಕಾಣಲೆಂದು ಶಾಫ್ಟಿಗೆ ಕೆಂಪು ಕಾಗದದ ಚೂರು ಅಂಟಿಸಿದ್ದೇವೆ. ಅವರಿಗೆ ಬೇಕಾದ ಸೂಚನೆಗಳನ್ನು ಸರಳವಾಗಿ ಬರೆಯುವುದು ನನ್ನ ಕೆಲಸ. ಯಾರೊಂದಿಗೂ ಮಾತಾಡುವ ಗೋಜಿಲ್ಲ. ನನಗೆ ಹೇಳಿ ಮಾಡಿಸಿದ ಹಾಗಿದೆ.

ಕಳೆದ ವಾರ ಒಬ್ಬ ಹುಡುಗಿ ಮೋಟಾರನ್ನು ಬಹಳ ನಿಧಾನ ತಿರುಗಿಸುತ್ತಿದ್ದಳು. ಕಾಗದದ ಅಂಚು ಏಳುತ್ತಿತ್ತು. ಬೀಗ ತೆಗೆದು ಒಳಗೆ ಹೋಗಿ ಬೆರಳಿನಿಂದ ಒತ್ತಿಬಿಟ್ಟೆ. ಮೋಟಾರು ಒಂದು ಕ್ಷಣ ಮುಗ್ಗರಿಸಿ, ತಾನೇ ಸಾವರಿಸಿಕೊಂಡಿತು.

ಮರುದಿನ ಪ್ರೊಫೆಸರು ನನ್ನ ಪಕ್ಕದ ಮೇಜಿನ ಮುಂದೆ ಕೂತು, ಪರದೆಯ ಮೇಲಿದ್ದ ಅವಳನ್ನು ಗದರಿಸುತ್ತಿದ್ದರು.

"ಎಲ್ಲರ ಗೆರೆ ನೆಟ್ಟಗಿದೆ, ನಿನ್ನದ್ರಲ್ಲಿ ಮಾತ್ರ ತಗ್ಗು! ಅಂಕಿ ನೀನೇ ಕಟ್ಟಿದೀಯ. ಸೊನ್ನೆ ಹಾಕ್ತೀನಿ, ಮುಂದಿನ ವರ್ಷ ಮತ್ತೆ ಮಾಡು."

"ಇಲ್ಲ ಸರ್, ಯಾರದೋ ಬೆರಳು ಕಾಣಿಸ್ತು..."

"ಬೀಗ ಹಾಕಿದ ರೂಮಲ್ಲಿ ಯಾರದಮ್ಮ ಬೆರಳು? ದೆವ್ವದ್ದಾ?"

ಪ್ರಯೋಗ ನಡೆಯುವಾಗ ಯಾರೂ ಒಳಗೆ ಹೋಗಬಾರದು ಎಂದು ಬಾಗಿಲ ಮೇಲೆ ಬರೆದು ಅಂಟಿಸಿದವಳೇ ನಾನು. ಆದರೂ ಎದ್ದು ನಿಂತೆ. "ಸರ್, ಆ ದೆವ್ವ ನಾನೇ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಕೆಲಸಕ್ಕೆ ಸೇರಿ ಆರು ತಿಂಗಳಾದ್ಮೇಲೆ ಬಾಯಿ ಬಿಟ್ಯಲ್ಲಮ್ಮ, ಅದೂ ಇದಕ್ಕಾ!"

ಚೆನ್ನಾಗಿ ಬೈಸಿಕೊಂಡೆ, ಕೆಲಸ ಉಳಿಯಿತು. ಹುಡುಗಿಗೆ ಅಂಕ ಸಿಕ್ಕಿತು. ಅವಳು ಪರದೆಯಲ್ಲಿ ಕಣ್ಣೊರೆಸಿಕೊಂಡು, "ಥ್ಯಾಂಕ್ಸ್ ಅಕ್ಕಾ" ಅಂದಳು. ಆಮೇಲೆ ಇಡೀ ದಿನ ನನಗೆ ನಿಮ್ಮದೇ ಯೋಚನೆ.

ಚಿಕ್ಕಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ನಿಮ್ಮ ಆಶೀರ್ವಾದವಿರಲಿ.

ನೀವೇ ಹೆಸರಿಟ್ಟ
ಗುಮ್ಮನಗುಸುಕಿ

ತಾ.ಕ.: ಹನ್ನೆರಡು ವರ್ಷದ ಹಿಂದೆ ನೀವು ರಿಪೇರಿ ಮಾಡಿದ ನೀರಿನ ಪಂಪು ಉಲ್ಟಾ ತಿರುಗಿ ಹಾಳಾಯಿತಲ್ಲ, "ವೈರು ಅದಲುಬದಲಾಗಿದೆ, ಗಮನ ಎಲ್ಲಿತ್ತೋ ನಿಂಗೆ?" ಎಂದು ಅಪ್ಪ ನಿಮ್ಮನ್ನು ಅಂಗಡಿಯಿಂದ ಕಳಿಸಿಬಿಟ್ಟರಲ್ಲ. ಗುರುತಿಗೆಂದು ನೀವು ವೈರುಗಳಿಗೆ ಕಟ್ಟಿದ್ದ ಬಣ್ಣದ ದಾರಗಳನ್ನು ಬಿಚ್ಚಿ ಆಡಿ, ತೋಚಿದ ಹಾಗೆ ಮತ್ತೆ ಕಟ್ಟಿದವಳು ನಾನು. ಇವತ್ತು ಬೆಳಗ್ಗೆ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಅಂಗಡಿಗೆ ಹೋಗಿ ನೋಡಿದರೆ, ಅವರು ನೀವು ಕೂರುತ್ತಿದ್ದ ಸ್ಟೂಲಿನ ಮೇಲೆ ಪೇರಿಸಿಟ್ಟಿದ್ದ ತಂತಿಯ ಸುರುಳಿಗಳನ್ನು ಒಂದೊಂದಾಗಿ ಕೆಳಗಿಳಿಸುತ್ತಿದ್ದರು.