ಮಾದರಿ ಒಂಬತ್ತರ ನಡುಗೆರೆ

ಬೆಟಗೇರಿ ವಾರ್ಡು, ಗದಗ
ಹದಿನಾಲ್ಕನೆಯ ಸಂಘಗಣತಿಯ ವರ್ಷ, ಎರಡನೇ ಬೇಸಿಗೆಯ ತೊಂಬತ್ತೊಂದನೇ ದಿನ

ಮಾದರಿ ಒಂಬತ್ತನ್ನು ಬರೆದ ಮಾನ್ಯರಿಗೆ, ಎಣಿಕೆಗಾರ್ತಿ ಗೌರಾಂಬ ಮುಳಗುಂದ ಮಾಡುವ ವಂದನೆಗಳು.

ಮೇಲಿನ ತಾರೀಖು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮ ಪಂಚಾಂಗದ ಪ್ರಕಾರ ನಾನು ಇನ್ನೂ ಹುಟ್ಟಿಲ್ಲ. ನನ್ನ ಅಜ್ಜಿಯ ಅಜ್ಜಿ ಈಗ ನಿಮ್ಮ ಊರಿನ ಯಾವುದೋ ತೊಟ್ಟಿಲಲ್ಲಿ ಮಲಗಿರಬಹುದು. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ, ಅದರಲ್ಲಿ ಎರಡನೆಯದು ಉದ್ದ. ಹನ್ನೆರಡು ವರ್ಷಕ್ಕೊಮ್ಮೆ ರಾಜ್ಯದ ಸಂಘಗಳನ್ನೆಲ್ಲ ಎಣಿಸುತ್ತೇವೆ, ಆ ಎಣಿಕೆಯ ಲೆಕ್ಕದಲ್ಲೇ ವರ್ಷಗಳಿಗೆ ಹೆಸರು. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ಒರಟಾಗಿ ಕೇಳಿಸೀತು. ಈ ಕಾಗದವನ್ನು ನಿಮ್ಮ ಕಾಲದ ಭಾಷೆಯಲ್ಲೇ ಬರೆಯಬೇಕೆಂದು ನಿಯಮವಿರುವುದರಿಂದ ಮೂರು ವಾರ ನಿಮ್ಮ ಹಳೆಯ ಸುತ್ತೋಲೆಗಳನ್ನು ಓದಿ ಅಭ್ಯಾಸ ಮಾಡಿದೆ. ಎಲ್ಲಾದರೂ ಸುತ್ತೋಲೆಯ ವಾಸನೆ ಹೊಡೆದರೆ ತಪ್ಪು ನನ್ನೊಬ್ಬಳದಲ್ಲ.

ಮೊದಲು ನಮ್ಮ ಲೋಕದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ನಿಮ್ಮ ಕಾಲದಲ್ಲಿ ಲಾಭ ಬೇಡದ ಸಂಘ ಸಂಸ್ಥೆಗಳು ಸರ್ಕಾರ ಮತ್ತು ಅಂಗಡಿಯ ನಡುವಿನ ಸಂದಿಯಲ್ಲಿ ಕೂತಿದ್ದವಂತೆ. ಈಗ ಸಂದಿಯೇ ಮನೆಯಾಗಿದೆ. ರಾಜ್ಯದಲ್ಲಿ ಕಳೆದ ಎಣಿಕೆಗೆ ಆರು ಲಕ್ಷದ ಎಂಬತ್ತು ಸಾವಿರ ಸಂಘಗಳು ಸಿಕ್ಕವು. ಅಂದರೆ ತೊಂಬತ್ತು ಜನರಿಗೆ ಒಂದು. ಬಿಸಿಲಿನಿಂದ ಜನರನ್ನು ಕಾಯುವ ನೆರಳುದಾರಿಗಳಿವೆ, ಊರಿಂದೂರಿಗೆ ಬಳ್ಳಿ ಹಬ್ಬಿಸಿದ ಕಾಲುಹಾದಿಗಳು. ಅವನ್ನು ಕಟ್ಟುವುದು, ಬಳ್ಳಿಗೆ ನೀರುಣಿಸುವುದು ಸಂಘಗಳ ಕೆಲಸ. ಬೀಜ ಕಾಯುವುದು, ಜೇನುಹುಳಗಳಿಗೆ ನೀರಿಡುವುದು, ಬಾಣಂತಿಯರಿಗೆ ಎಣ್ಣೆ ಹಚ್ಚುವುದು, ಕಣ್ಣು ಮಂಜಾದವರಿಗೆ ಪತ್ರ ಓದಿ ಹೇಳುವುದು, ಎಲ್ಲಕ್ಕೂ ಒಂದೊಂದು ಸಂಘವಿದೆ. ಜಗಳವಾಡಿ ಮಾತು ಬಿಟ್ಟ ಅಣ್ಣತಮ್ಮಂದಿರ ನಡುವೆ ಸುದ್ದಿ ಸಾಗಿಸುವುದಕ್ಕೂ ಲಕ್ಷ್ಮೇಶ್ವರದಲ್ಲಿ ಒಂದು ಸಂಘವಿದೆ, ಅದರೊಳಗೇ ಈಗ ಎರಡು ಬಣ. ಪ್ರತಿ ಮನೆಯ ಬಾಗಿಲ ಪಕ್ಕದಲ್ಲಿ ಕೈಪಟ್ಟಿ ಎಂಬ ಹಲಗೆ ಇರುತ್ತದೆ. ಆ ಮನೆಯ ಯಾರ ಕೈ ಯಾವ ಸಂಘದ ಕೆಲಸದಲ್ಲಿದೆ ಎಂದು ಅದರಲ್ಲಿ ಬರೆದಿರುತ್ತಾರೆ. ಹೆಣ್ಣು ನೋಡಲು ಬಂದವರು ಮೊದಲು ಓದುವುದು ಅದನ್ನೇ.

ಇಷ್ಟೊಂದು ಸಂಘಗಳಿಗೆ ಜಾಗ ಹಂಚಬೇಕಲ್ಲ, ಅದಕ್ಕೆ ನಮ್ಮ ಎಣಿಕೆಮನೆ ಇದೆ. ಪ್ರತಿ ವಾರ್ಡಿನಲ್ಲಿ ಇಪ್ಪತ್ತೋ ಮೂವತ್ತೋ ಕೋಣೆಗಳ ಒಂದು ಹಂಚುಮನೆ. ಎಣಿಕೆಯಲ್ಲಿ ಸಿಕ್ಕ ಸಂಘಕ್ಕೆ ಅಲ್ಲಿ ಒಂದು ಕೋಣೆ. ಎಣಿಕೆಯಲ್ಲಿ ಸಿಗದ ಕೆಲಸವನ್ನು ಯಾರೂ ಮಾಡುತ್ತಿಲ್ಲವೆಂದೇ ಅರ್ಥ, ಅದಕ್ಕೆ ಕೋಣೆಯಿಲ್ಲ. ಎಣಿಸುವುದು ನೀವು ಬರೆದ ಮಾದರಿ ಒಂಬತ್ತರಲ್ಲಿ. ಮೊದಲ ಸಂಘಗಣತಿಯವರು ಹೊಸ ನಮೂನೆ ಬರೆಯಲು ಬೇಸರಪಟ್ಟು ನಿಮ್ಮದನ್ನೇ ತೆಗೆದುಕೊಂಡರು. ಅದರ ನಡುವೆ ಮೇಲಿನಿಂದ ಕೆಳಗೆ ಒಂದು ಗೆರೆ. ಎಡಕ್ಕೆ ‘ಸೇವೆ ನೀಡುವವರು’, ಬಲಕ್ಕೆ ‘ಫಲಾನುಭವಿಗಳು’. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ ಕೊಟ್ಟಿದ್ದೀರಿ: ಎರಡೂ ಕಡೆ ಕಂಡುಬಂದ ಹೆಸರನ್ನು ಎರಡೂ ಕಡೆ ಹೊಡೆದುಹಾಕತಕ್ಕದ್ದು. ಒಂದೇ ಹೆಸರನ್ನು ಅಲ್ಲಿ ಇಲ್ಲಿ ತುಂಬಿಸಿ ಸಣ್ಣ ಸಂಘವನ್ನು ದೊಡ್ಡದು ಮಾಡಿ ತೋರಿಸುವವರು ಇದ್ದಿರಬೇಕು, ಅದಕ್ಕೆ ಹಾಗೆ ಬರೆದಿರಿ ಎಂದುಕೊಳ್ಳುತ್ತೇನೆ. ನಿಮ್ಮ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ.

ಹನ್ನೆರಡು ವರ್ಷದ ಹಿಂದೆ, ಹದಿಮೂರನೆಯ ಎಣಿಕೆಗೆ, ನಾನು ಮೊದಲ ಸಲ ಬೆಟಗೇರಿಗೆ ಬಂದೆ. ಹಂಚುಮನೆಯ ಮೆಟ್ಟಿಲ ಕೆಳಗೆ, ಅದುವರೆಗೆ ಯಾರಿಗೂ ಹಂಚದ ಕೋಣೆಯಲ್ಲಿ ಹೆಸರೇ ಇಲ್ಲದ ಒಂದು ಗುಂಪಿತ್ತು. ಒಂಟಿಯಾಗಿ ಬದುಕುವ ನಲವತ್ತೊಂದು ಜನ; ನೇಕಾರರು, ಬಡಿಗರು, ಒಬ್ಬ ಗಣಿತದ ಮೇಷ್ಟ್ರು, ಗಂಡಂದಿರನ್ನು ಬಿಟ್ಟು ಬಂದು ಬೇರೆ ಬೇರೆ ಮನೆಗಳಲ್ಲಿದ್ದ ಇಬ್ಬರು ಅಕ್ಕತಂಗಿಯರು. ಅವರ ಕೆಲಸ ಇಷ್ಟೇ. ಬೆಳಗ್ಗೆ ಆರಕ್ಕೆ ಸರದಿಯವರು ಓಣಿ ಓಣಿಗೆ ಹೋಗಿ ಒಬ್ಬೊಬ್ಬರ ಬಾಗಿಲ ಮುಂದೆ ನಿಂತು ಹೆಸರು ಹಿಡಿದು ಕೂಗುತ್ತಾರೆ. ಒಳಗಿನವರು ‘ಓ’ ಎನ್ನಬೇಕು. ಎಂದರೆ ಮುಂದಿನ ಮನೆ. ಮೂರು ಸಲ ಕೂಗಿದರೂ ಓ ಬರದಿದ್ದರೆ ಕೋಣೆಯಿಂದ ಆ ಮನೆಯ ಕೀಲಿಕೈ ತಂದು ಒಳಗೆ ಹೋಗುತ್ತಾರೆ. ನಲವತ್ತೊಂದು ಮನೆಗಳ ಕೀಲಿಕೈಗಳು ಗೋಡೆಯ ಮೇಲೆ ಒಂದು ಹಲಗೆಯ ಮೊಳೆಗಳಿಗೆ ತೂಗುತ್ತಿದ್ದವು. ಹಲಗೆಯನ್ನು ಮಾಡಿದವನು ಚನ್ನವೀರ ಬಡಿಗೇರ ಎಂಬ ಮೂರ್ಛೆರೋಗದ ಮನುಷ್ಯ. ಪ್ರತಿ ಮೊಳೆಯ ಕೆಳಗೆ ಆ ಮನೆಯವರು ಏನು ಕಸಬಿನವರೋ ಅದರ ಸಣ್ಣ ಚಿತ್ರ ಕೊರೆದಿದ್ದ.

ಗುಂಪಿನ ಪರವಾಗಿ ಮಾತಾಡಿದವರು ಮಾಬೂಬಿ ಎಂಬ ನೇಕಾರ ಹೆಂಗಸು. ಯಾರು ಸೇವೆ ನೀಡುವವರು, ಯಾರು ಫಲಾನುಭವಿಗಳು ಎಂದು ಕೇಳಿದೆ. ಆಕೆ “ಎಲ್ಲಾರೂ ಕೂಗತೇವ್ರಿ, ಎಲ್ಲಾರೂ ಓ ಅಂತೇವಿ. ಎರಡೂ ಕಡಿ ಬರಕೋರಿ” ಎಂದರು. ಬರೆದುಕೊಂಡೆ. ಎಡಕ್ಕೆ ನಲವತ್ತೊಂದು, ಬಲಕ್ಕೆ ಅದೇ ನಲವತ್ತೊಂದು. ಎಣಿಕೆಮನೆಗೆ ಮರಳಿ ನಿಮ್ಮ ಸೂಚನೆಯಂತೆ ಒಂದೊಂದೇ ಹೆಸರನ್ನು ಎರಡೂ ಕಡೆ ಹೊಡೆಯುತ್ತ ಬಂದೆ. ಕೊನೆಗೆ ಸೊನ್ನೆ ಉಳಿಯಿತು. ನನಗೆ ಅದರಲ್ಲಿ ಏನೂ ಅನ್ನಿಸಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಆ ದಿನ ಇನ್ನೂ ಹದಿನೆಂಟು ಸಂಘಗಳ ಹಾಳೆಗಳು ಬಾಕಿ ಇದ್ದವು, ಹಸಿವೂ ಆಗಿತ್ತು.

ಕೋಣೆ ಹಳೆಯ ಹಾಡುಗಳನ್ನು ಕಲಿಸುವ ಸಂಘಕ್ಕೆ ಹೋಯಿತು. ಕೀಲಿಕೈಗಳನ್ನು ಮಾಬೂಬಿ ಒಂದು ಡಬ್ಬಿಗೆ ಹಾಕಿ ತಮ್ಮ ಮನೆಗೆ ಒಯ್ದರು. ಕೂಗುವುದು ನಿಲ್ಲಲಿಲ್ಲ. ಐದು ತಿಂಗಳ ಮೇಲೆ ಒಂದು ಬೆಳಗ್ಗೆ ಚನ್ನವೀರ ಓ ಎನ್ನಲಿಲ್ಲ. ಮಾಬೂಬಿ ಮಗಳ ಬಾಣಂತನಕ್ಕೆ ರೋಣಕ್ಕೆ ಹೋಗಿದ್ದರು, ಮನೆಗೆ ಬೀಗ, ಡಬ್ಬಿ ಒಳಗೆ. ಸರದಿಯವರು ಬಾಗಿಲು ಒಡೆಯಲು ನೋಡಿದರು. ಅದು ಚನ್ನವೀರ ತಾನೇ ಮಾಡಿಕೊಂಡ ಬಾಗಿಲು, ಸುಲಭಕ್ಕೆ ಜಗ್ಗಲಿಲ್ಲ. ಒಳಗೆ ಹೋಗುವ ಹೊತ್ತಿಗೆ ಏಳೂವರೆ. ಮೂರ್ಛೆ ಬಂದು ಬೋರಲು ಬಿದ್ದವನ ಮೂಗು ಹಾಸಿಗೆಯಲ್ಲಿ ಹುದುಗಿತ್ತು. ಮೈ ಇನ್ನೂ ಬೆಚ್ಚಗಿತ್ತಂತೆ. ಮರುದಿನವೇ ಹಾಡಿನ ಸಂಘದವರು ಯಾರನ್ನೂ ಕೇಳದೆ ತಂಬೂರಿ ಚಾಪೆ ಎತ್ತಿಕೊಂಡು ಕೋಣೆ ಬಿಟ್ಟುಕೊಟ್ಟರು. ಇಂದಿಗೂ ಅವರು ಹುಣಸೆಮರದ ಕೆಳಗೇ ಹಾಡುತ್ತಾರೆ.

ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಎಣಿಕೆಗಾರರು ಎಣಿಸುವ ಮುನ್ನ ಎಂಟು ತಿಂಗಳು ವಾರ್ಡಿನಲ್ಲೇ ಬದುಕಬೇಕೆಂದು ಈಚೆಗೆ ನಿಯಮ ಬಂದಿದೆ. ಹಾಗಾಗಿ ಈ ವರ್ಷ ಬೆಟಗೇರಿಯಲ್ಲಿ ಮನೆ ಹಿಡಿದೆ. ನಾನೂ ಒಂಟಿ. ಮೂರನೇ ದಿನ ಬೆಳಗ್ಗೆ ಬಚ್ಚಲಲ್ಲಿದ್ದಾಗ ಬೀದಿಯಿಂದ ನನ್ನ ಹೆಸರು ಕೇಳಿಸಿತು. ಇಷ್ಟು ಬೆಳಗ್ಗೆ ಯಾರಪ್ಪ ಎಂದು ಸುಮ್ಮನಿದ್ದೆ. ಇನ್ನೆರಡು ಸಲ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮೂವರು ಕೀಲಿಕೈ ತಿರುವಿ ಒಳಗೇ ಬಂದುಬಿಟ್ಟರು. ಮನೆಯ ಮಾಲೀಕ ಮೊದಲೇ ಒಂದು ಕೀಲಿಕೈ ಕೊಟ್ಟಿದ್ದನಂತೆ. ಒದ್ದೆ ತಲೆಯಲ್ಲಿ ಸೀರೆ ಸುತ್ತಿಕೊಂಡು ಹೊರಗೆ ಬಂದು ಬಾಯಿಗೆ ಬಂದಂತೆ ಬೈದೆ. ಮೂವರಲ್ಲಿ ಒಬ್ಬರು ಮಾಬೂಬಿ. ಕೂದಲು ಪೂರಾ ಬೆಳ್ಳಗಾಗಿತ್ತು, ನನಗೆ ಗುರುತು ಹತ್ತಲಿಲ್ಲ. “ಓ ಅನ್ನಾಕ ಏನ್ರಿ ತ್ರಾಸು ನಿಮಗ? ಒಮ್ಮೆ ಅಂದುಬಿಟ್ರ ನಮ್ಮ ಪಾಡಿಗೆ ನಾವು ಹೋಗ್ತೇವಿ” ಎಂದು ಆಕೆಯೂ ಗದರಿದರು. ಮರುದಿನದಿಂದ ಓ ಎನ್ನತೊಡಗಿದೆ, ಮೊದಮೊದಲು ಕಾಟಾಚಾರಕ್ಕೆ. ಒಂದು ತಿಂಗಳಾಗುವಷ್ಟರಲ್ಲಿ ಐದೂವರೆಗೇ ಎದ್ದು ಆ ಕೂಗಿಗೆ ಕಾಯುತ್ತಿದ್ದೆ. ನನ್ನ ಹೆಸರನ್ನು ಯಾರಾದರೂ ಪೂರ್ತಿಯಾಗಿ ಕರೆದು ಎಷ್ಟೋ ವರ್ಷವಾಗಿತ್ತು ಎಂಬುದು ಆಗ ಗೊತ್ತಾಯಿತು.

ಆಮೇಲೆ ನನ್ನನ್ನೂ ಸರದಿಗೆ ಹಾಕಿದರು. ಕೀಲಿಕೈ ತೆಗೆಯಲು ಆ ಕೋಣೆಗೆ ಹೋದಾಗ ಹಲಗೆಯನ್ನು ನೋಡಿದೆ. ಉಳಿಯ ಚಿತ್ರದ ಮೇಲಿನ ಮೊಳೆ ಖಾಲಿ ಇತ್ತು. ಯಾರದೆಂದು ಕೇಳಿದೆ. ಮಾಬೂಬಿ ಎಲ್ಲವನ್ನೂ ಹೇಳಿದರು. ಆ ಹಾಳೆ ಬರೆದವಳು ನಾನೇ ಎಂದು ಹೇಳಿದೆ. ಆಕೆಗೆ ಅದು ಮೊದಲ ದಿನದಿಂದಲೇ ಗೊತ್ತಿತ್ತು. “ನೀವೇನ್ ಸುಳ್ಳ ಬರದಿಲ್ಲ ಬಿಡ್ರಿ. ನಾ ಹೇಳಿದ್ದನ್ನ ಬರದೀರಿ” ಎಂದರು. ಬೈದಿದ್ದರೆ ಮನೆಗೆ ಹೋಗಿ ಊಟ ಮಾಡುತ್ತಿದ್ದೆ. ಆ ದಿನ ಊಟ ಸೇರಲಿಲ್ಲ.

ಈಗ ಹದಿನಾಲ್ಕನೆಯ ಎಣಿಕೆ. ಹಾಳೆ ಅದೇ, ಗೆರೆ ಅದೇ, ಸೂಚನೆ ಅದೇ. ಈ ಸಲ ಎಡಕ್ಕೆ ಐವತ್ತಾರು ಹೆಸರು, ಬಲಕ್ಕೂ ಐವತ್ತಾರು, ಅವುಗಳಲ್ಲಿ ಒಂದು ನನ್ನದು. ಮತ್ತೆ ಸೊನ್ನೆಯೇ ಉಳಿಯುತ್ತದೆ. ಕೋಣೆಯನ್ನು ಖಾಲಿ ಎಂದು ಬರೆದು ಆರು ದಿನದಲ್ಲಿ ಬೇರೆಯವರಿಗೆ ಕೊಡುತ್ತಾರೆ. ಹೊಸಬರು ಹಾಡಿನವರಷ್ಟು ಮಾನವಂತರಾಗಿರುತ್ತಾರೆ ಎಂಬ ಭರವಸೆಯಿಲ್ಲ. ಅರ್ಧದಷ್ಟು ಜನರನ್ನು ಎಡಕ್ಕೆ, ಅರ್ಧದಷ್ಟನ್ನು ಬಲಕ್ಕೆ ಬರೆದು ಕೈತೊಳೆದುಕೊಳ್ಳೋಣ ಎಂದೆ. ಗುಂಪು ಒಪ್ಪಲಿಲ್ಲ. “ನಾನು ಬರಿ ಕೂಗಿಸಿಕೊಳ್ಳೋನು ಅಂತ ಬರದರ ನಾಳಿಂದ ಬಾಗಲಾ ತಗಿಯೂದಿಲ್ಲ” ಎಂದು ಗಣಿತದ ಮೇಷ್ಟ್ರು ಹಟ ಹಿಡಿದರು. ಅವರಿಗೆ ಎಂಬತ್ತು ದಾಟಿದೆ, ಗೋಡೆ ಹಿಡಿದೇ ನಡೆಯುತ್ತಾರೆ. ಆದರೂ ವಾರಕ್ಕೊಂದು ದಿನ ಕಿಟಕಿಯಲ್ಲಿ ಕೂತು ಎದುರಿನ ಎರಡು ಮನೆಗಳನ್ನು ಕೂಗುವುದು ಅವರ ಸರದಿ. ಅವರ ಮಾತು ಸರಿಯಾಗಿತ್ತು.

ಮೂವತ್ತು ವರ್ಷ ಓದಿದ ನಿಯಮಪುಸ್ತಕವನ್ನು ಮತ್ತೆ ಮೊದಲಿನಿಂದ ಓದಿದೆ. ಮೂವತ್ತೊಂದನೇ ನಿಯಮ ಹೀಗಿದೆ: ಮಾದರಿಯನ್ನು ತಿದ್ದುವ ಅಧಿಕಾರ ಅದನ್ನು ಬರೆದವರಿಗೆ ಮಾತ್ರ ಉಂಟು. ಬರೆದವರು ನೀವು. ನೀವು ಹೋಗಿ ನೂರು ವರ್ಷದ ಮೇಲಾಯಿತು. ಹೀಗಾಗಿ ತಲೆಮಾರುಗಳಿಂದ ಯಾರೂ ತಿದ್ದುಪಡಿ ಕೇಳಿಲ್ಲ. ಅದರ ಕೆಳಗೇ ಮೂವತ್ತೆರಡನೇ ನಿಯಮ: ತಿದ್ದುಪಡಿ ಅರ್ಜಿಗೆ ಉತ್ತರ ಬರುವ ತನಕ ಕೋಣೆ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲೇ ಇರತಕ್ಕದ್ದು. ಎರಡನ್ನೂ ಒಟ್ಟಿಗೆ ಓದುವುದಕ್ಕೆ ನನಗೆ ಮೂವತ್ತು ವರ್ಷ ಬೇಕಾಯಿತು.

ಆದ್ದರಿಂದ ಇದು ಅರ್ಜಿ. ನಮ್ಮಲ್ಲಿ ಹಿಂದಂಚೆ ಎಂಬ ಕಲ್ಲಿನ ಪೆಟ್ಟಿಗೆಯೊಂದಿದೆ. ತೀರಿಕೊಂಡವರಿಗೆ ಜನ ಬರೆದ ಕಾಗದಗಳನ್ನು ಅದರಲ್ಲಿ ಹಾಕುತ್ತಾರೆ. ತಲುಪಿತೇ ಎಂದು ನಿಯಮ ಕೇಳುವುದಿಲ್ಲ, ಹಾಕಿದ್ದಕ್ಕೆ ಮುದ್ರೆ ಬಿದ್ದರೆ ಸಾಕು. ಇಂದು ಹತ್ತು ಗಂಟೆಗೆ ಮಾಬೂಬಿಯೂ ನಾನೂ ಹೋಗಿ ಇದನ್ನು ಹಾಕಿ ಮುದ್ರೆ ತರುತ್ತೇವೆ. ಎಣಿಕೆಯಲ್ಲಿ ಬೆಟಗೇರಿಯ ಈ ಗುಂಪು ಸೊನ್ನೆಯಾಗಿಯೇ ಇರಲಿ. ರಾಜ್ಯದಲ್ಲಿ ಇಂಥ ಸೊನ್ನೆಗಳು ಇನ್ನೆಷ್ಟಿವೆಯೋ ನನಗೆ ತಿಳಿಯದು, ನಾನೇ ಎಷ್ಟು ಬರೆದಿದ್ದೇನೆಂದೂ ನೆನಪಿಲ್ಲ.

ಅರ್ಜಿ ಎಂದ ಮೇಲೆ ಕೋರಿಕೆ ಇರಬೇಕು. ಈ ಕಾಗದ ಹೇಗೋ ನಿಮ್ಮ ಕೈಸೇರಿದರೆ, ನಿಮ್ಮ ಮೇಜಿನ ಮೇಲೆ ಆ ಹಾಳೆ ಇನ್ನೂ ಕರಡಾಗಿಯೇ ಇದ್ದರೆ, ನಡುವಿನ ಗೆರೆಯನ್ನು ಎಳೆಯಬೇಡಿ. ಎಳೆದಾಗಿದ್ದರೆ, ಅಳಿಸುವ ಮನಸ್ಸು ಬಂದರೆ, ಅಲ್ಲೇ ಸದ್ದಿಲ್ಲದೆ ಅಳಿಸಿ. ನಮಗೆ ಮಾತ್ರ ತಿಳಿಸಬೇಡಿ. ಇಲ್ಲಿ ಐವತ್ತಾರು ಜನ ದಿನಾ ಬೆಳಗ್ಗೆ ಒಬ್ಬರಿಗೊಬ್ಬರು ಓ ಎಂದು ಬದುಕಿದ್ದೇವೆ. ಕೀಲಿಕೈಗಳು ಗೋಡೆಯ ಮೇಲೆ ಉಳಿಯಬೇಕಾದರೆ ಒಬ್ಬರು ಸುಮ್ಮನಿರಲೇಬೇಕು. ನಾವು ಎಷ್ಟು ಸಲ ಕೂಗಿದರೂ, ಮಾನ್ಯರೇ, ದಯವಿಟ್ಟು ನೀವು ಓ ಎನ್ನಬೇಡಿ.

ಇತಿ ತಮ್ಮ ವಿಶ್ವಾಸಿ,
ಗೌರಾಂಬ ಮುಳಗುಂದ
(ಎರಡೂ ಕಡೆ ಹೊಡೆದುಹಾಕಿದ ಹೆಸರು)