ನಾನು ಎಳೆದ ಗೆರೆ

ಜಗಳೂರು
12-11-1987

ಬಂಗಾರಮ್ಮನಿಗೆ,

ಎಂಟನೇ ಕ್ಲಾಸಿನಲ್ಲಿ ನಿನಗೆ ವಿಜ್ಞಾನ ಹೇಳಿದ ಹಾಲಸ್ವಾಮಿ ಮೇಷ್ಟ್ರ ಆಶೀರ್ವಾದ.

ನೀನು ನ್ಯಾಮತಿಯಲ್ಲಿ ಹೊಲಿಗೆ ಟೀಚರಾಗಿದ್ದೀಯ ಅಂತ ನಿಮ್ಮಣ್ಣ ಹೇಳಿದ. ವಿಜ್ಞಾನ ಯಾಕೆ ಬಿಟ್ಟಳು ಅಂತ ನಾನು ಕೇಳಲಿಲ್ಲ.

ಎಪ್ಪತ್ತೊಂಬತ್ತರ ವಿಜ್ಞಾನ ಪ್ರದರ್ಶನಕ್ಕೆ ನೀನು ಕುಬ್ಜ ಗ್ಯಾಲಕ್ಸಿಯ ಚಾರ್ಟು ಬರೆದಿದ್ದೆ. ಬಿಳಿ ಹಾಳೆ ಮೇಲೆ ನಕ್ಷತ್ರ ಅಂತ ಅಲ್ಲೊಂದು ಇಲ್ಲೊಂದು ಚುಕ್ಕೆ ಇದ್ದವು. ಅರ್ಧಕ್ಕೆ ಬಿಟ್ಟೀಯ ಅಂತ ಎಲ್ಲರ ಎದುರು ನಾನೇ ಕೆಂಪು ಇಂಕಿನಲ್ಲಿ ಸುತ್ತ ಗೆರೆ ಎಳೆದೆ. “ಅದಕ್ಕೆ ಅಂಚೇ ಇಲ್ಲ ಸಾರ್, ಪುಸ್ತಕದಾಗೆ ಹಂಗೇ ಐತೆ” ಅಂದೆ ನೀನು. ಪುಸ್ತಕ ತೆಗೆದು ನೋಡೋದು ಬಿಟ್ಟು ನಿನ್ನನ್ನ ಹೊರಗೆ ನಿಲ್ಲಿಸಿದೆ.

ಮೊನ್ನೆ ದಾವಣಗೆರೆಯಲ್ಲಿ ಮೇಷ್ಟ್ರುಗಳ ತರಬೇತಿ ಇತ್ತು. ಸ್ಲೈಡಿನಲ್ಲಿ ನೀನು ಬರೆದಂಥ ಗ್ಯಾಲಕ್ಸಿಯೇ ಬಂತು, ಸುತ್ತ ಅಂಚೇ ಇರಲಿಲ್ಲ. ಅಂಥ ಸಣ್ಣ ಗ್ಯಾಲಕ್ಸಿಯಲ್ಲಿ ಮೊದಲು ಹುಟ್ಟಿದ ದೊಡ್ಡ ನಕ್ಷತ್ರಗಳು ಸಿಡಿದಾಗ ಅನಿಲವೆಲ್ಲ ಹೊರಗೆ ಹೋಗ್ತೈತಂತೆ. ಹಿಡಿದಿಡಾಕೆ ಅದಕ್ಕೆ ತೂಕ ಸಾಲಲ್ಲ. ಆಮೇಲೆ ಹೊಸ ನಕ್ಷತ್ರ ಹುಟ್ಟಲ್ಲ, ಹಳೇವು ಮಂಕಾಗಿ ಉಳೀತಾವೆ.

ನಿನ್ನ ಚಾರ್ಟು ಇನ್ನೂ ಲ್ಯಾಬಿನ ಗೋಡೆ ಮೇಲೈತೆ. ಬ್ಲೇಡಿನಲ್ಲಿ ಗೆರೆ ಕೆರೆದು ತೆಗೆಯಾಕೆ ಹೋದೆ, ಹಾಳೆ ಹರೀತು. ಎಂಟು ವರ್ಷದಿಂದ ಮಕ್ಕಳು ಅದನ್ನೇ ನೋಡಿ ಬರೀತಾರೆ. ಮೊದಲು ಗೆರೆ ಎಳೀತಾರೆ, ಆಮೇಲೆ ಒಳಗೆ ಚುಕ್ಕೆ ಇಡ್ತಾರೆ.

ಇದರ ಜೊತೆ ಡ್ರಾಯಿಂಗ್ ಹಾಳೆ ಕಳಿಸೀನಿ. ಮನಸ್ಸು ಬಂದರೆ ಇನ್ನೊಂದು ಬರೆದು ಕಳಿಸು, ಕೆಳಗೆ ನಿನ್ನ ಹೆಸರು ಹಾಕು. ಹಳೇದನ್ನ ಗೋಡೆಯಿಂದ ತೆಗೆಯಲ್ಲ. ಅದರ ಕೆಳಗೆ “ಚುಕ್ಕೆ ಬಂಗಾರಮ್ಮಂದು, ಗೆರೆ ನಂದು” ಅಂತ ಬರೆದು ಸಹಿ ಹಾಕೀನಿ.

ಹಾಲಸ್ವಾಮಿ